ಶ್ರೀಶೈಲಕ್ಕೆ ಹೊರಟ ಗಾಡಿಯ ಸಂಡಾಸ

ನಳದ ಕೆಲಸ ಮಾಡುವವನ ಹಣೆಬರಹವೇ ಹೀಗೆ. ನೀರು ಸೋರುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ, ಬೈಗುಳ ಬರುವುದು ಮಾತ್ರ ನೇರ ನಮ್ಮ ಕಡೆ. ಬೈಲಹೊಂಗಲದಲ್ಲಿ ನಳ ಬಿಗಿಯುವ ಪಾನಾ ಹಿಡಿದು ತಿರುಗಿದ ಅಷ್ಟೂ ವರ್ಷ ನನಗೆ ಇಂಥವು ಆಗುತ್ತಲೇ ಬಂದಿವೆ. ಮನೆಗಳ ನಳಗಳನ್ನೆಲ್ಲ ಮರೆತಿದ್ದೇನೆ. ಗಾಲಿಯ ಮೇಲಿದ್ದ ಒಂದೇ ಒಂದು ಸಂಡಾಸವನ್ನು ಮಾತ್ರ ಮರೆಯಲು ಆಗಿಲ್ಲ.

೧. ಗೋವಾದಿಂದ ಬಂದದ್ದು

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮೂರ ಹತ್ತಿ ವ್ಯಾಪಾರಿ ಸಾವಕಾರರ ತಾಯಿಗೆ ಸಕ್ಕರೆ ಕಾಯಿಲೆ. ಗಂಟೆಗೊಮ್ಮೆ ಏಳಬೇಕು. ರಾಮದುರ್ಗದ ಮಗಳ ಮನೆಗೆ ಬಸ್ಸಿನಲ್ಲಿ ಹೋಗುವ ದಿನ ಬೆಳಗಿನಿಂದ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಗಾಡಿ ನಿಲ್ಲಿಸಿ ಎಂದು ಹತ್ತು ಜನರ ಎದುರು ಕೇಳಲು ನಾಚಿಕೆ. ಒಮ್ಮೆ ಹಾಗೆಯೇ ತಲೆ ತಿರುಗಿ ಬಿದ್ದರು. ಶ್ರೀಶೈಲದ ಮಲ್ಲಯ್ಯನನ್ನು ಒಂದು ಸಲ ನೋಡಬೇಕೆಂಬ ಆಸೆ ಇತ್ತು, ಬಸ್ಸಿನ ಹೆದರಿಕೆಗೆ ಅದನ್ನೂ ಬಿಟ್ಟಿದ್ದರು.

ಸಾವಕಾರರು ಗೋವಾಕ್ಕೆ ಹೋಗಿ ಒಂದು ಹಳೆಯ ಗಾಡಿ ತಂದರು. ಯಾರೋ ಪರದೇಶದವರು ಬಳಸಿ ಬಿಟ್ಟದ್ದು. ಒಳಗೆ ಮಂಚ, ಒಲೆ, ನೀರಿನ ಟಾಕಿ, ಮೂಲೆಯಲ್ಲಿ ಬಾಗಿಲು ಹಾಕಿಕೊಳ್ಳುವಂಥ ಸಂಡಾಸ.

ಓಣಿಯೆಲ್ಲ ನೋಡಲು ಬಂತು. ಮಂಚವನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ, ಪಾಳಿ ಹಚ್ಚಿ ಸಂಡಾಸ ನೋಡಿದರು. ನೆರೆಮನೆಯ ಹಿರಿಯರೊಬ್ಬರು ಕೆಳಗಿಳಿದು, "ಮನೀದು ಹಿತ್ತಲದ ಆಚಿ ತುದಿಗೆ ಐತಿ, ಗಾಡೀದು ಒಲಿ ಬಾಜೂಕ ಐತಿ. ಇನ್ನ ಈ ಮನ್ಯಾಗ ಅವಸರ ಆದವ್ರು ಗಾಡಿ ಹತ್ತೂದ ಚಲೋ," ಅಂದರು.

೨. ಕಾಲಿಡುವ ಮಣೆ

ನಾಲ್ಕು ದಿನವಾಗಿರಬೇಕು, ಗಾಡಿಯ ನೆಲದ ಮೇಲೆ ನೀರು. ಸಂಡಾಸದ ಬಾಗಿಲ ಕೆಳಗಿನಿಂದ ಹೊರಟು ಒಲೆಯ ಬುಡಕ್ಕೆ ಬಂದು ನಿಂತಿತ್ತು. ಸಾವಕಾರರ ಹೆಂಡತಿ ಸೆರಗು ಕಟ್ಟಿಕೊಂಡು ಕೆಳಗಿಳಿದರು. "ಆ ನೀರ ಬಂದ ಜಾಗಾದಾಗ ನಾ ಒಂದ ರೊಟ್ಟಿನೂ ಬಡಿಯಂಗಿಲ್ಲ."

ಸಾವಕಾರರು ನನ್ನನ್ನು ಕರೆಸಿದರು. "ಮಿಸ್ತ್ರಿ, ಬರೂ ಸೋಮವಾರ ಹೊಂಡೂದು. ಅಷ್ಟರಾಗ ನೀರ ನಿಲ್ಲಲಿಲ್ಲಂದ್ರ ಗಾಡಿ ಮಾರಿಬಿಡ್ತೇನಿ. ಶ್ರೀಶೈಲನೂ ಬ್ಯಾಡ, ಏನೂ ಬ್ಯಾಡ."

ಕಟ್ಟೆಯ ಮೇಲೆ ಕುಳಿತಿದ್ದ ಸಾವಕಾರರ ಅವ್ವ ನನ್ನ ಮುಖ ನೋಡಿದರು. ನನಗೆ ಕೆಟ್ಟೆನಿಸಿತು.

ಒಳಗೆ ಹೋಗಿ ಕಮೋಡಿನ ಮೇಲೆ ಬಗ್ಗಿದೆ. ಕೆಳಗೆ ಒಂದು ಕರಿಯ ಮಣೆಯಂಥದ್ದು ಇತ್ತು. ಕೆಲಸ ಮಾಡುವವರಿಗೆ ಕಾಲಿಡಲು ಅನುಕೂಲ ಮಾಡಿದ್ದಾರೆ, ಪರದೇಶದವರು ಎಷ್ಟು ಯೋಚಿಸುತ್ತಾರೆ ಎಂದುಕೊಂಡು ಕಾಲಿಟ್ಟೆ. ಅದು ತುಳಿದರೆ ನೀರು ಬಿಡುವ ಪೆಡಲು; ಭರ್ರೆಂದು ಬಂದು ಮುಖಕ್ಕೆ ಹೊಡೆಯಿತು. ಬಾಗಿಲಲ್ಲಿ ನಿಂತಿದ್ದ ಗಾಡಿಯ ಡ್ರೈವರ್, ನಾವೆಲ್ಲ ಚಾಚಾ ಅನ್ನುವವರು, ಹೆಗಲ ಮೇಲಿನ ಟವೆಲ್ ಕೊಟ್ಟು ಹೇಳಿದರು: "ಮಾರಿ ತೊಳಕೊಂಡಿ ಅಲಾ, ಇನ್ನ ಕೆಲಸ ಸುರು ಮಾಡು."

೩. ಜೋಡಿ ಸಿಗದ ತಿರುಪು

ನೀರಿನ ಪೈಪು ಕಮೋಡಿನ ಹಿಂದೆ ಬಂದು ಸೇರುವ ಜಾಗ ಒದ್ದೆಯಾಗಿತ್ತು. ಅಲ್ಲೊಂದು ಪ್ಲಾಸ್ಟಿಕ್ ತಿರುಪು. ನನ್ನ ಚೀಲದಲ್ಲಿದ್ದ ಯಾವುದೂ ಅದಕ್ಕೆ ಕೂಡಲಿಲ್ಲ. ಅಂಗಡಿಗೆ ಒಯ್ದೆ. ಅಂಗಡಿಯವರು ಕನ್ನಡಕ ಹಾಕಿಕೊಂಡು ಹಿಂದೆಮುಂದೆ ತಿರುವಿ ನೋಡಿ, "ಇದು ಯಾವ ಊರಿಂದ್ರಿ?" ಅಂದರು.

"ಪರದೇಶದ್ದು."

"ಇಲ್ಲೆ ಇದಕ್ಕ ಜೋಡಿ ಸಿಗೂದು ಕಷ್ಟ ಐತಿ. ದೂರದವ್ರ ಜೋಡಿ ಸಂಬಂಧ ಮಾಡೂಮುಂದ ಇಚಾರ ಮಾಡಬೇಕ್ರಿ," ಎಂದು ಬಲು ನಯವಾಗಿ ತಿರುಗಿ ಕೊಟ್ಟರು.

ಚಾಚಾ ಗಾಡಿಯನ್ನು ಕಿತ್ತೂರಿಗೆ ಹೊಡೆದರು. ಹೈವೇ ಬದಿಯ ಗ್ಯಾರೇಜಿನ ಮಿಸ್ತ್ರಿ ಹಳೆಯ ಲಾರಿಯ ಟ್ಯೂಬು ಕತ್ತರಿಸಿ ಒಂದು ವಾಷರ್ ಮಾಡಿದ. ಅದನ್ನು ಕೂರಿಸಿ, ಮೇಲೆ ಟೇಪು ಸುತ್ತಿ ಬಿಗಿದೆ. ಒಂದು ಹನಿ ಬರಲಿಲ್ಲ. ಆದರೂ ನನಗೆ ಅನುಮಾನ. ಗ್ಯಾರೇಜಿನವನಿಗೆ ಸಿಟ್ಟು ಬಂತು. "ಈ ಟ್ಯೂಬು ಹತ್ತ ಟನ್ನ ಮಾಲ ತಡದೈತಿ. ನಿಮ್ಮ ಸಾವಕಾರ್ರ ಅವ್ವ ಒಬ್ಬಾಕೀನ ತಡಿಯಂಗಿಲ್ಲೇನು?"

೪. ಒಳ್ಳೆಯ ಜಾಗ

ಗುರುವಾರ ಗಾಡಿಗೆ ಪೂಜೆ. ಅಯ್ಯನವರು ಬಂದರು. ಸ್ಟೇರಿಂಗಿಗೆ ಹೂವು, ಗಾಲಿಗೆ ನಿಂಬೆಹಣ್ಣು, ಇದ್ದ ಬಾಗಿಲಿಗೆಲ್ಲ ವಿಭೂತಿ. ಮೂಲೆಯ ಬಾಗಿಲು ತೆರೆದರೆ ಒಳಗೆ ಬೆಳ್ಳಗೆ ಹೊಳೆಯುವ, ಮುಚ್ಚಳ ಹಾಕಿದ ಒಂದು ಪೀಠ. ಅಯ್ಯನವರು ಅದಕ್ಕೂ ಮೂರು ಬೆರಳು ವಿಭೂತಿ ಎಳೆದು, ಬಟ್ಟೆ ಹಾಸಿ, ಮೇಲೆ ಕಳಸ ಇಟ್ಟು, ಊದುಬತ್ತಿ ಬೆಳಗಿದರು.

ಸಾವಕಾರರು ಬಾಯಿ ತೆರೆದರು, ನನ್ನ ಕಡೆ ನೋಡಿದರು, ಮುಚ್ಚಿದರು. ನಾನು ಪೈಪು ನೋಡುತ್ತ ನಿಂತೆ. ಹೇಳುವ ಧೈರ್ಯ ಮನೆಯಲ್ಲಿ ಒಬ್ಬರಿಗೂ ಬರಲಿಲ್ಲ. ಅಯ್ಯನವರು ಕೆಳಗಿಳಿದು ಮೆಚ್ಚಿಕೊಂಡರು: "ಸ್ವಾಮಿಗೆ ಚಲೋ ಜಾಗಾ ಮಾಡಿಸೀರಿ ಸಾವಕಾರ್ರ. ಗಾಳಿಗೆ ಕಿಡಕಿ ಬ್ಯಾರೆ ಇಟ್ಟೀರಿ."

೫. ಸಂಪಗಾಂವಿಗೆ ಹೋಗಿ ಬಂದದ್ದು

ಶುಕ್ರವಾರ ಬೆಳಿಗ್ಗೆ ಮತ್ತೆ ನೀರು.

"ಯಾರರ ಒಬ್ಬರು ಕುಂತ ನೋಡಬೇಕ್ರಿ," ಅಂದೆ.

"ಪೂಜಿ ಆಗೈತಿ. ಇನ್ನ ಮೊದಲ ಅವ್ವನ ಕೂಡ್ರಬೇಕು. ಅದೂ ಶ್ರೀಶೈಲದ ದಾರಿ ಹಿಡದ ಮ್ಯಾಲ," ಅಂದರು ಸಾವಕಾರರು.

ಯಾರೂ ಕುಳಿತುಕೊಳ್ಳದೆಯೇ ಪರೀಕ್ಷೆ ನಡೆಯಿತು. ಟಾಕಿ ತುಂಬಿಸಿ ಸಂಪಗಾಂವಿನ ತಗ್ಗುದಿಣ್ಣೆಯ ದಾರಿಯಲ್ಲಿ ಹೋಗಿ ಬಂದೆವು. ನನ್ನ ಸೊಂಟ ಹೋಯಿತು, ನೀರು ಮಾತ್ರ ಬರಲಿಲ್ಲ. ಶನಿವಾರ ಬೆಳಿಗ್ಗೆ ನೋಡಿದರೆ ಗಾಡಿ ನಿಂತಲ್ಲೇ ಸೋರಿದೆ! ಓಡುವಾಗ ಒಣಗಿರುತ್ತದೆ, ನಿಂತಾಗ ಒದ್ದೆಯಾಗುತ್ತದೆ. ಚಾಚಾ ಏನೋ ಚೆಲ್ಲುತ್ತಾರೆ ಅಂದೆ ನಾನು. ಅವರು ನನ್ನ ಕೈಗುಣ ಅಂದರು. ಸಾವಕಾರರು ಇಬ್ಬರನ್ನೂ ನಂಬಲಿಲ್ಲ. ಭಾನುವಾರ ಸಂಜೆ ಬಂದು ಗಾಡಿ ನೋಡಿರೆಂದು ಸವದತ್ತಿಯ ಒಬ್ಬ ಗಿರಾಕಿಗೆ ಹೇಳಿ ಕಳಿಸಿದರು.

"ಚಲೋ ಆತು," ಅಂದರು ಚಾಚಾ. "ಅಂವ ಬಂದ ಕುಂತ ನೋಡ್ತಾನ."

೬. ಒಳಗಿನಿಂದ ಚಿಲಕ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮನೆಯವರೆಲ್ಲ ಅಡ್ಡಾಗಿದ್ದರು. ಕಡೆಯ ಸಲ ನೋಡೋಣ ಎಂದು ಸದ್ದಿಲ್ಲದೆ ಗಾಡಿ ಹತ್ತಿದೆ. ಸಂಡಾಸದ ಬಾಗಿಲಿಗೆ ಒಳಗಿನಿಂದ ಚಿಲಕ. ಬಾಗಿಲ ಕೆಳಗಿನಿಂದ ನೀರು ನನ್ನ ಕಣ್ಣೆದುರೇ ಹೊರಗೆ ಬರುತ್ತಿದೆ.

ಬಡಿದೆ. "ಯಾರ್ರಿ ಒಳಗ?"

"ಸಾವಕಾಶ ಒದರೋ ಯಪ್ಪಾ," ಎಂದಿತು ಅವ್ವನ ದನಿ.

ಚಿಲಕ ಸರಿಯಿತು. ಮುಚ್ಚಳದ ಮೇಲೆ ಅವ್ವ ನೆಟ್ಟಗೆ ಕುಳಿತಿದ್ದಾರೆ. ಉಡಿಯಲ್ಲಿ ಎಲೆಅಡಿಕೆಯ ಚಂಚಿ, ದವಡೆಯಲ್ಲಿ ತಂಬಾಕು. ಡಾಕ್ಟರು ತಂಬಾಕು ಬಿಡಿಸಿದ್ದರು. ಹದಿನಾಲ್ಕು ಮಂದಿಯ ಆ ಮನೆಯಲ್ಲಿ ಅವರ ಹಾಸಿಗೆ ಝಾಡಿಸಲು ಒಬ್ಬರು, ಬಾಯಿ ಮೂಸಿ ನೋಡಲು ಒಬ್ಬರು.

"ಇಡೀ ಮನ್ಯಾಗ ಒಳಗಿಂದ ಚಿಲಕ ಹಾಕ್ಕೊಂಡ ಸುಮ್ನ ಕುಂಡ್ರಾಕ ಇದೊಂದ ಜಾಗಾ ಐತಿ ನನಗ," ಅಂದರು. "ಗಾಡಿ ಬಂದ ದಿನದಿಂದ ಬರತೇನಿ."

ಬಗ್ಗಿ ನೋಡಿದೆ. ಕಮೋಡನ್ನು ನೆಲಕ್ಕೆ ಹಿಡಿದ ಎರಡು ಬೋಲ್ಟು ಸಡಿಲ. ಅವ್ವ ಕುಳಿತರೆ ಕಮೋಡು ಹಿಂದಕ್ಕೆ ವಾಲಿ ಪೈಪು ಜಗ್ಗುತ್ತದೆ, ತಿರುಪಿನಲ್ಲಿ ನೀರು ಬರುತ್ತದೆ. ಎದ್ದರೆ ನಿಲ್ಲುತ್ತದೆ. ಬೋಲ್ಟು ಬಿಗಿದೆ, ಗಡುಸಾದ ಪೈಪು ತೆಗೆದು ಬಾಗುವಂಥ ರಬ್ಬರ್ ಪೈಪು ಹಾಕಿದೆ. ಅವ್ವ ತಾವೇ ಕುಳಿತು, ಅತ್ತಿತ್ತ ವಾಲಾಡಿ, ಪರೀಕ್ಷೆ ಮಾಡಿ ಕೊಟ್ಟರು. ಒಂದು ಹನಿ ಇಲ್ಲ. ನನಗೆ ಅಷ್ಟು ಖುಷಿ ಯಾವ ಮನೆಯ ನಳ ರಿಪೇರಿ ಮಾಡಿದಾಗಲೂ ಆಗಿರಲಿಲ್ಲ.

"ಹೆಂಗ ಗೊತ್ತಾತು ಅಂತ ಕೇಳ್ತಾರಲ್ರಿ ಅವ್ವಾರ?"

"ಹತ್ತಿಕಾಳಿನ ಚೀಲ ಇಟ್ಟ ನೋಡ್ದೆ ಅನ್ನು."

ಹಾಗೆಯೇ ಅಂದೆ. ಸಾವಕಾರರು ನನ್ನ ಬುದ್ಧಿಗೆ ಬೆರಗಾಗಿ, "ಎಷ್ಟ ಕಿಲೋದ ಚೀಲ?" ಅಂದರು. ಉತ್ತರಕ್ಕೆ ನಾನು ಅವ್ವನ ಕಡೆ ನೋಡಬಾರದಾಗಿತ್ತು. "ಅದರ ತೂಕ ತಗೊಂಡ ಏನ ಮಾಡ್ತೀಯೋ, ಗಿರಾಕಿಗೆ ಬರಬ್ಯಾಡ ಅಂತ ಹೇಳಿ ಕಳಸು," ಎಂದು ಅವರು ಮಗನನ್ನೇ ಗದರಿಸಿದರು.

ಸೋಮವಾರ ಗಾಡಿ ಹೊರಟಿತು. ಹನ್ನೆರಡು ದಿನದ ಮೇಲೆ ತಿರುಗಿ ಬಂತು. ಅವ್ವನ ಮುಖ ಕಳೆಗೂಡಿತ್ತು. ನಾನು ಚಾಚಾರನ್ನು ಬದಿಗೆ ಕರೆದೆ.

"ಸೋರಿತೇನ್ರಿ?"

"ಒಂದ ಹನಿ ಇಲ್ಲ. ಅವ್ವಾರು ಹೋಗೂಮುಂದ ಬರೂಮುಂದ ಅರ್ಧಾ ದಾರಿ ಅಲ್ಲೇ ಕುಂತಿದ್ರು."

"ಅಂದ್ರ ದಾರ್ಯಾಗ ಇಳಿಯೂ ತ್ರಾಸ ತಪ್ಪಿತು ಅನ್ರಿ."

"ಎಲ್ಲೀದು! ಅದಕ್ಕಂತ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ಕೈಹಿಡದ ಕೆಳಗ ಇಳಿಸೂದ ನನ್ನ ಕೆಲಸ ಆಗಿತ್ತು. ಒಳಗ ಐತಲ್ರಿ ಅವ್ವಾರ ಅಂದೆ. ನನ್ನ ಮ್ಯಾಲ ಸಿಟ್ಟಾದ್ರು." ಚಾಚಾ ಅವ್ವನ ಹಾಗೆಯೇ ಸೆರಗು ಎಳೆದುಕೊಂಡಂತೆ ಮಾಡಿ ಹೇಳಿದರು: "ಅಯ್ನಾರು ಪೂಜಿ ಮಾಡಿದ ಜಾಗಾದಾಗ ಅಂಥಾದ್ದ ಮಾಡಾಕ ಬರತೈತೇನೋ?"