ಕಾಣದ ನದಿಗೊಂದು ಯೋಜನೆ

ಆ ದಿನ ಬೆಳಗ್ಗೆ ಕಡಲಾಚೆಯ ನಗರದ ಬಡಾವಣೆ ಪುಚೊಂಗ್‌ನ ಮೇಲೆ ಹೊಗೆಮಂಜು ಕವಿದಿತ್ತು. ಎದುರಿನ ಕಾಂಡೊ ಕಟ್ಟಡ ಕಾಣುತ್ತಿರಲಿಲ್ಲ. ಎಲ್‌ಆರ್‌ಟಿ ರೈಲು ಬರೀ ಸದ್ದಾಗಿ ಹಾದುಹೋಗುತ್ತಿತ್ತು. ಬಾಲ್ಕನಿಯಲ್ಲಿ ನಿಂತ ರಮಾನಂದನಿಗೆ ಆ ಬಿಳುಪಿನಾಚೆ ಒಂದು ನದಿ ಇದ್ದಂತೆ ತೋರಿತು.

ನದಿ ಇದ್ದದ್ದು ಪಶ್ಚಿಮ ಆಫ್ರಿಕಾದ ಗಾಂಬಿಯಾದಲ್ಲಿ. ಆ ದೇಶದ ಪಂಚವಾರ್ಷಿಕ ಯೋಜನೆಯ ಕರಡು ಬರೆಯುವ ಕೆಲಸ ಅವನ ಬಾಂಗ್ಸಾರ್ ಕಚೇರಿಗೆ ಸಿಕ್ಕಿತ್ತು. ನದಿ ಸಾಗಣೆ, ಭತ್ತ, ನೆಲಗಡಲೆ ಅವನ ಪಾಲಿಗೆ ಬಂದ ಅಧ್ಯಾಯಗಳು. ಕಾಗದದ ಮೇಲೆ ಆ ನದಿಯ ದಂಡೆಗೆ ದೋಣಿ ನಿಲ್ಲುವ ದಕ್ಕೆ ಕಟ್ಟಿಸಿದ, ಗೋದಾಮು ಎಬ್ಬಿಸಿದ. ಒಮ್ಮೆಯೂ ಅದರ ನೀರಿಗೆ ಕಾಲಿಳಿಸಿರಲಿಲ್ಲ. ನಿಶ್ಚಯವಾದ ಹುಡುಗಿಯ ಫೋಟೊ ನೋಡುತ್ತಲೇ ವಯಸ್ಸು ಕಳೆದವನ ಪಾಡು ಅವನದು. ದೇವರ ಪಟದ ಪಕ್ಕದಲ್ಲೇ ಆ ದೇಶದ ನಕ್ಷೆ ತೂಗುಹಾಕಿದ್ದ. ಆರತಿಗೆ ಬಂದ ಪಕ್ಕದ ಮನೆಯ ದೇವಕಿಯಮ್ಮ ಅದಕ್ಕೂ ಕುಂಕುಮ ಹಚ್ಚಿ ಹೋಗಿದ್ದರು. ಅಂದಿನಿಂದ ಗಾಂಬಿಯಾದ ರಾಜಧಾನಿ ಕೆಂಪು.

ಇಂದು ಅಲ್ಲಿನ ಯೋಜನಾ ನಿರ್ದೇಶಕಿ ಇಸಾತು ಜಲ್ಲೋ ಕಚೇರಿಗೆ ಬರುವವರಿದ್ದರು. ತಂಡದ ಒಬ್ಬನನ್ನು ಆರಿಸಿ ಒಂದು ವರ್ಷದ ಮಟ್ಟಿಗೆ ತಮ್ಮ ದೇಶಕ್ಕೆ ಕರೆಸಿಕೊಳ್ಳುವರು. ತಂಡದಲ್ಲಿದ್ದವರು ಇಬ್ಬರೇ: ರಮಾನಂದ ಮತ್ತು ಮೈಸೂರಿನ ಸಂತೋಷ.

ದೇವಕಿಯಮ್ಮನ ಗಂಡ ಐತಪ್ಪ ಮಣಿಪಾಲದಿಂದ ಬಂದು ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವರು. ಸುದ್ದಿ ತಿಳಿದು ಬೆಳಗ್ಗೆಯೇ ಬಂದು ಕುರ್ಚಿ ಹಿಡಿದರು.

"ನೋಡು ಮಾರಾಯ, ವೈವಾದಲ್ಲಿ ಎಷ್ಟು ಮಕ್ಕಳನ್ನು ಫೇಲ್ ಮಾಡಿದ್ದೇನೆ ನಾನು. ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡ."

"ನಿಜವಾಗಿಯೂ ಗೊತ್ತಿಲ್ಲದಿದ್ದರೆ, ಸರ್?"

"ಹಾಗಾದ್ರೆ ಇನ್ನೂ ಜೋರಾಗಿ ಹೇಳ್ಬೇಕು."

ದೇವಕಿಯಮ್ಮ ಅಷ್ಟಕ್ಕೆ ಬಿಡಲಿಲ್ಲ. ನೆಲಗಡಲೆ ಬೆಳೆಯುವ ನಾಡಿನ ಹೆಣ್ಣುಮಗಳ ಎದುರು ಬರಿಗೈಯಲ್ಲಿ ನಿಲ್ಲಬಾರದೆಂದು, ಆಗಷ್ಟೇ ಬಾಣಲೆಯಿಂದ ಇಳಿಸಿದ ಚಿಕ್ಕಿಯನ್ನು ಬಾಳೆಲೆಗೆ ಸುತ್ತಿ ಅವನ ಚೀಲಕ್ಕೆ ತುರುಕಿದರು. ರೈಲಿನ ನೂಕುನುಗ್ಗಲಲ್ಲಿ ಬಾಳೆಲೆ ಬಿಚ್ಚಿಕೊಂಡಿತು. ಬಿಸಿ ಬೆಲ್ಲ ಚೀಲದಲ್ಲಿದ್ದ ಯೋಜನೆಯ ಕರಡು ಹಾಳೆಗಳಿಗೆ ಮೆತ್ತಿಕೊಂಡಿತು. ಬಾಂಗ್ಸಾರ್ ಮುಟ್ಟುವಷ್ಟರಲ್ಲಿ ಒಂದು ದೇಶದ ಭವಿಷ್ಯ ಅಂಗಳದ ಹಾಸುಗಲ್ಲಿನಂತೆ ಗಟ್ಟಿಯಾಗಿತ್ತು.

ಲಿಫ್ಟ್‌ನಲ್ಲಿ ಸಂತೋಷ ಸಿಕ್ಕ. ಪೆನಾಂಗ್‌ನ ಫೆರಿ ದೋಣಿ ಹತ್ತಿದರೇ ವಾಂತಿ ಮಾಡುವವನು ಅವನು.

"ನದಿ ಇರೋ ದೇಶಕ್ಕೆ ನಾನು ಹೋಗಲ್ಲ ಬಾಸ್. ಏನು ಕೇಳಿದ್ರೂ ಗೊತ್ತಿಲ್ಲ ಅಂದ್ಬಿಡ್ತೀನಿ. ನೀವೇ ಹೋಗಿ ಬನ್ನಿ ಲಾ." ಇಲ್ಲಿನವರಂತೆ ಮಾತಿನ ಕೊನೆಗೆ ‘ಲಾ’ ಸೇರಿಸಿದ.

ಮಾತಿಗೆ ತಪ್ಪಲಿಲ್ಲ ಸಂತೋಷ. ಮಳೆ ಎಂದು ಶುರು, ಭತ್ತ ಯಾವ ದಂಡೆಯಲ್ಲಿ, ದೋಣಿಗಳು ಯಾರವು ಎಂದು ನಿರ್ದೇಶಕಿ ಕೇಳಿದ್ದಕ್ಕೆಲ್ಲ ಮದುಮಗನಂತೆ ತಲೆತಗ್ಗಿಸಿ ಗೊತ್ತಿಲ್ಲ ಎಂದ.

ರಮಾನಂದನ ಸರದಿ ಬಂತು. ಅಂಟಿಕೊಂಡ ಹಾಳೆಗಳನ್ನು ಬಿಡಿಸಲು ಎಳೆದಾಗ ಚಿಕ್ಕಿಯ ತುಂಡೊಂದು ಸಿಡಿದು ನಿರ್ದೇಶಕಿಯ ಮುಂದೆ ಬಿತ್ತು. ಆಕೆ ಅದನ್ನು ಎತ್ತಿ ಬಾಯಿಗಿಟ್ಟು ಕಣ್ಣು ಮುಚ್ಚಿದರು; ತಮ್ಮ ಅಜ್ಜಿಯ ಕೈರುಚಿಯೂ ಇದೇ ಎಂದರು. ಅವನಿಗೆ ಧೈರ್ಯ ಬಂತು. ಹಾಳೆ ನೋಡದೆಯೇ, ಊರಿಂದೂರಿಗೆ ದೋಣಿಯಲ್ಲಿ ಕೂರಿಸಿಕೊಂಡು ಹೋದವನಂತೆ ಆಕೆಗೆ ಆಕೆಯದೇ ದೇಶ ತೋರಿಸಿದ.

"ಮುಂಜಾನೆ ನಮ್ಮ ನದಿ ಹೇಗಿರುತ್ತದೆ, ಹೇಳಿ" ಎಂದರು ಆಕೆ ಕೊನೆಗೆ.

ಅದೊಂದು ಮಾತ್ರ ಅವನಿಗೆ ತಿಳಿದಿರಲಿಲ್ಲ. ಅದನ್ನು ತಿಳಿಯಲೆಂದೇ ಹೋಗಬೇಕಿತ್ತು. ಗೊತ್ತಿಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂತು. ಐತಪ್ಪನವರ ಮುಖ ನೆನಪಾಗಿ ನುಂಗಿಕೊಂಡ.

"ಮೊದಲು ನದಿ ಕಾಣುವುದಿಲ್ಲ, ಮೇಡಂ" ಎಂದ ಮೆಲ್ಲಗೆ. "ದೋಣಿಯ ಹುಟ್ಟಿನ ಸದ್ದು ಕೇಳುತ್ತದೆ. ಆಮೇಲೆ ಯಾರೋ ಯಾರನ್ನೋ ಕೂಗುತ್ತಾರೆ. ನೀರು ಕಾಣುವುದು ಕೊನೆಗೆ."

ಆಕೆ ಕಣ್ಣೊರೆಸಿಕೊಂಡರು. ನೇಮಕದ ಆದೇಶದ ಹಾಳೆ ಎಳೆದುಕೊಂಡು ಪೆನ್ನಿಗಾಗಿ ತಡಕಾಡಿದಾಗ ರಮಾನಂದ ತನ್ನದನ್ನು ಚಾಚಿ, ಮನಸ್ಸಿನಲ್ಲೇ ಉಡುಪಿಯ ಕೃಷ್ಣನಿಗೆ ಕೈಮುಗಿದ.

"ಅಲ್ಲಿ ನೋಡಲು ನಿಮಗೆ ಬಾಕಿ ಏನಿದೆ?" ಎಂದರು ಆಕೆ ಅಕ್ಕರೆಯಿಂದ. "ಮುಂದಿನ ಯೋಜನೆಯನ್ನೂ ನೀವು ಇಲ್ಲೇ ಕೂತು ಬರೆಯಿರಿ. ಪಾಪ, ಈ ಹುಡುಗನಿಗೆ ಏನೂ ಗೊತ್ತಿಲ್ಲ. ಅವನು ಬಂದು ನೋಡಲಿ."

ಸಂತೋಷ ಮೇಜಿನ ಅಂಚು ಹಿಡಿದುಕೊಂಡ. ಆಕೆ ಅವನ ಹೆಸರು ಬರೆದು, ಸಹಿ ಹಾಕಿ, ಪೆನ್ನಿಗೆ ಮುಚ್ಚಳ ಹಾಕಿ, ರಮಾನಂದನ ಕೈಗೆ ಮರಳಿಸಿದರು.