ದಡ್ಡಿ ಎಂದರೆ ದೃಷ್ಟಿ ತಾಗುವುದಿಲ್ಲ

ಹೊರಗಿನವರ ಮುಂದೆ ಮಾತಾಡುವುದೆಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದು ಕೇಳಿದರೂ ಪಕ್ಕದಲ್ಲಿ ಕುಳಿತವರ ಮುಖ ನೋಡುತ್ತೇನೆ. ಮೊಮ್ಮಕ್ಕಳೇ, ನಿಮ್ಮ ಮುತ್ಯಾ ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಹೋಗುವಾಗ ಅದನ್ನೂ ತೆಗೆದುಕೊಂಡು ಹೋದರು. ಇಂಥವಳು ಹೋದ ವರ್ಷ ಶಾಲೆಯೊಂದರಲ್ಲಿ ಎರಡು ಸಲ ಬಾಯಿ ಬಿಟ್ಟೆ. ಎರಡು ಸಲವೂ ಪೆಟ್ಟು ಬಿದ್ದದ್ದು ನಿಮ್ಮ ಅಕ್ಕ ಶ್ರಾವಣಿಗೆ. ನೀವಿನ್ನೂ ಚಿಕ್ಕವರು. ಮುಂದೆ ನಿಮ್ಮ ಶಾಲೆಗೂ ನನ್ನನ್ನೇ ಕಳಿಸುವ ಮಾತು ಮನೆಯಲ್ಲಿ ನಡೆದಿದೆ. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ, ಎಚ್ಚರವಾಗಿರಿ.

ಶ್ರಾವಣಿ ಆಗ ಏಳನೆಯ ತರಗತಿ, ನಮ್ಮ ತೆಲಂಗಾಣದ ಗಡಿಯ ಮಕ್ತಲ್‌ನ ಒಂದು ಖಾಸಗಿ ಶಾಲೆಯಲ್ಲಿ. ಓದಿನಲ್ಲಿ ನಡುವಿನವಳು. ಮಾರ್ಕು ನೋಡಿ ಯಾರೂ ಬೆನ್ನು ತಟ್ಟುತ್ತಿರಲಿಲ್ಲ, ಯಾರೂ ಹಣೆ ಚಚ್ಚಿಕೊಳ್ಳುತ್ತಲೂ ಇರಲಿಲ್ಲ. ಅವಳ ಜೀವವೆಲ್ಲ ಖೊಖೊದಲ್ಲಿತ್ತು. ನಾರಾಯಣಪೇಟೆಯಲ್ಲಿ ನಡೆಯಲಿದ್ದ ಪಂದ್ಯಕ್ಕೆ ಶಾಲೆಯ ತಂಡದಲ್ಲಿ ಅವಳ ಹೆಸರು ಬಂದಿತ್ತು. ಅಂದಿನಿಂದ ಅವಳು ಮನೆಯಲ್ಲಿ ನಡೆದದ್ದನ್ನು ನಾನು ಕಾಣೆ. ಅಡುಗೆಮನೆಗೂ ಓಡುವುದೇ, ಕಂಬ ಸಿಕ್ಕರೆ ಸುತ್ತು ಹೊಡೆಯುವುದೇ. ರೊಟ್ಟಿ ಬಡಿಯುತ್ತ ಕೂತ ನನ್ನ ಬೆನ್ನಿಗೆ ಬಂದು ‘ಖೋ’ ಎಂದರೆ ನಾನೂ ಎದ್ದು ಓಡಬೇಕು ಎನ್ನಿಸುತ್ತಿತ್ತು.

ಆ ಶಾಲೆಯ ಗೇಟಿನ ಮೇಲೆ ಮೊದಲ ರ‍್ಯಾಂಕಿನ ಮಕ್ಕಳ ದೊಡ್ಡ ದೊಡ್ಡ ಫೋಟೊಗಳಿದ್ದವು. ಆ ವರ್ಷ ಅವುಗಳ ಪಕ್ಕದಲ್ಲಿ ‘ಒತ್ತಡವಿಲ್ಲದ ಓದು’ ಎಂಬ ಹೊಸ ಬೋರ್ಡು ಬಂತು. ಎರಡನ್ನೂ ಹೊತ್ತು ಗೇಟು ಒಂದು ಕಡೆಗೆ ವಾಲಿತ್ತು. ಯಾವ ಕಡೆಗೆ ಎಂದು ನಾನು ಹೇಳಬೇಕಾಗಿಲ್ಲ.

ನಾನು ಓದಿದ್ದು ನಾರ್ವ ಕಡೆಯ ಹಳ್ಳಿಯಲ್ಲಿ, ಐದರವರೆಗೆ, ಒಂದೇ ಕೋಣೆಯ ಕನ್ನಡ ಶಾಲೆಯಲ್ಲಿ. ನಮ್ಮ ಮಾಸ್ತರರಿಗೆ ಒತ್ತಡವೂ ಆಸರೆಯೂ ಒಂದೇ ಹುಣಸೆಯ ಬರಲಿನಲ್ಲಿದ್ದವು. ಮಗ್ಗಿ ತಪ್ಪಿದರೆ ಅದರಲ್ಲೇ ಬಾರಿಸುತ್ತಿದ್ದರು. ಸಂಜೆ ಓಣಿಯ ನಾಯಿಗೆ ಹೆದರಿ ನಿಂತರೆ ಅದನ್ನೇ ಹಿಡಿದು ಮನೆಯವರೆಗೆ ಬಿಟ್ಟು ಹೋಗುತ್ತಿದ್ದರು. ಅದು ಒಳ್ಳೆಯ ಪದ್ಧತಿ ಎನ್ನುತ್ತಿಲ್ಲ. ಬಾಸುಂಡೆ ನನಗೂ ನೆನಪಿದೆ. ಆದರೆ ಅವರು ನನ್ನನ್ನು ಅಳೆಯಲು ನಮ್ಮಮ್ಮನನ್ನು ಕರೆಸಿ ಕೇಳಲಿಲ್ಲ. ಈಗ ಹಾಗಲ್ಲ. ತಂದೆತಾಯಿಯರ ಸಭೆ ಎಂದು ಕರೆಯುತ್ತಾರೆ. ಮಗನಿಗೆ ಗದ್ವಾಲದ ಹತ್ತಿಬೀಜದ ಕಂಪನಿಯಲ್ಲಿ ರಜೆಯಿಲ್ಲ, ಸೊಸೆ ಸುನೀತಾ ನಾರಾಯಣಪೇಟೆಯ ಆಸ್ಪತ್ರೆಯಲ್ಲಿ ನರ್ಸು. ಮನೆಯಲ್ಲಿ ಖಾಲಿ ಇದ್ದವಳು ನಾನು.

ಕನ್ನಡವೂ ತಿಳಿಯುವ ಕ್ಲಾಸ್ ಮೇಡಂ ತೆಲುಗಿನಲ್ಲಿ, ಬಹಳ ಪ್ರೀತಿಯಿಂದ, ನಿಮ್ಮ ಹುಡುಗಿ ಮನೆಯಲ್ಲಿ ಹೇಗೆ ಎಂದು ಕೇಳಿದರು. ಸುತ್ತಮುತ್ತ ಹತ್ತಾರು ಜನ ಕೂತಿದ್ದರು. ಈಗ ನೀವೇ ಹೇಳಿ, ಅಷ್ಟು ಜನರ ಕಣ್ಣ ಮುಂದೆ ಮನೆಯ ಕೂಸನ್ನು ಯಾರಾದರೂ ಹೊಗಳುತ್ತಾರೆಯೇ? ನಮ್ಮದು ಬೀರಪ್ಪನ ಒಕ್ಕಲು, ಕುರಿ ಸಾಕಿದ ಮನೆತನ. ನಮ್ಮಪ್ಪ ಹಿಂಡಿನಲ್ಲಿ ಎಲ್ಲಕ್ಕಿಂತ ಚೆಂದದ ಟಗರಿಗೆ ‘ಕುಂಟ’ ಎಂದು ಹೆಸರಿಟ್ಟಿದ್ದರು. ಕುರಿ ಹೇಗಿವೆ ಎಂದು ಯಾರಾದರೂ ಕೇಳಿದರೆ ‘ಏನೋ, ಉಸುರು ಹಿಡ್ಕೊಂಡು ಅದಾವ್ರಿ’ ಎನ್ನುತ್ತಿದ್ದರು. ಹೊಗಳಿದರೆ ದೃಷ್ಟಿ ತಾಗುತ್ತದೆ. ಜರೆದರೆ ಕೂಸು ಬದುಕುತ್ತದೆ. ನಮ್ಮ ಓಣಿಯಲ್ಲಿ ಇದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ನಾನು ತಲೆ ತಗ್ಗಿಸಿ, ಸೆರಗು ಎಳೆದುಕೊಂಡು, ನಮ್ಮ ಮನೆಯ ಮರ್ಯಾದೆಗೆ ತಕ್ಕಂತೆ ಉತ್ತರ ಕೊಟ್ಟೆ.

“ಏನ್ ಹೇಳ್ಲಿರಿ ಮೇಡಂ, ದಡ್ಡಿ ಐತ್ರಿ. ಹೇಳಿದ್ದು ಒಂದೂ ತಲಿಗೆ ಹೋಗಂಗಿಲ್ಲ.”

ಮೇಡಂ ‘ಅಯ್ಯೋ’ ಎಂದು ಬರೆದುಕೊಂಡರು. ನನಗೆ ಸಮಾಧಾನವಾಯಿತು. ದೊಡ್ಡ ಶಾಲೆಯವರಾದರೂ ಪದ್ಧತಿ ತಿಳಿದವರು ಎಂದುಕೊಂಡೆ.

ಮುಂದಿನ ವಾರ ಶ್ರಾವಣಿಯನ್ನು ‘ಆಸರಾ’ ಕ್ಲಾಸಿಗೆ ಹಾಕಿದರು. ನನಗೆ ತಿಂಗಳ ತಿಂಗಳು ಬರುವ ವಿಧವಾ ಪಿಂಚಣಿಯನ್ನೂ ನಮ್ಮ ಕಡೆ ಆ ಹೆಸರಿನಿಂದಲೇ ಕರೆಯುತ್ತಾರೆ. ಅದನ್ನು ತರಲು ಹೋದ ದಿನ ಜನ ನನ್ನನ್ನು ಹೇಗೆ ನೋಡುತ್ತಾರೆ ಎಂಬುದು ನನಗೆ ಗೊತ್ತು. ಈ ಕ್ಲಾಸು ನಡೆಯುವುದು ಆಟದ ಪೀರಿಯಡ್ಡಿನಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಕೋಣೆಯಲ್ಲಿ. ಗೋಡೆಯ ತುಂಬ ನಗುವ ಸೂರ್ಯನ ಚಿತ್ರ. ಅಲ್ಲಿಯ ಮಕ್ಕಳ ಜೊತೆ ಎಲ್ಲರೂ ಮೆತ್ತಗೆ ಮಾತಾಡಲಿ ಎಂದು ಅವರ ಅಂಗಿಗೆ ಹಳದಿ ಬ್ಯಾಡ್ಜು ಚುಚ್ಚಿದರು. ಆಟವಾಡಿದರೆ ದಣಿವು, ಸೋತರೆ ಬೇಜಾರು ಎಂದು ಆಸರೆಯ ಮಕ್ಕಳ ಹೆಸರನ್ನು ತಂಡದಿಂದ ತೆಗೆದರು. ಎಲ್ಲವೂ ಮಕ್ಕಳ ಮನಸ್ಸಿನ ಮೇಲಿನ ಕಾಳಜಿಯಿಂದಲೇ.

ಶ್ರಾವಣಿ ಅಳಲಿಲ್ಲ. ಬ್ಯಾಗು ಇಟ್ಟು, ಮೊದಲ ಸಲ ಅಡುಗೆಮನೆಗೆ ನಡೆದುಕೊಂಡು ಬಂದಳು.

“ಆಯಿ, ಎಲ್ಲಾರೂ ನನ್ ಜೋಡಿ ಜ್ವರ ಬಂದೋರ ಜೋಡಿ ಮಾತಾಡಿದಂಗ ಮಾತಾಡ್ತಾರ. ನನಗೇನಾಗೈತಿ?”

ನಿನಗಾಗಿರುವುದು ನಾನೇ ಎಂದು ಹೇಳುವ ಬದಲು ಅವಳ ಮುಂದೆ ರೊಟ್ಟಿ ಇಟ್ಟೆ. ಸುನೀತಾಳಿಗೆ ಹೇಳಬೇಕಾಯಿತು. ಅವಳು ಮುಖ ಗಟ್ಟಿ ಮಾಡಿಕೊಂಡಳು. ನಿಮ್ಮ ಟಗರಿಗೆ ಕುಂಟ ಅನ್ನೋದು ಸಂತೆಯಲ್ಲಿ ನಡೀತದ ಅತ್ತಿ, ಸಾಲ್ಯಾಗ ಅಲ್ಲ, ಎಂದಳು. ಕೆಡಿಸಿದವರೇ ಹೋಗಿ ಸರಿಮಾಡಬೇಕು ಎಂಬುದು ಅವಳ ತೀರ್ಪು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗಲೂ ಇದೇ ಮುಖ ಮಾಡುತ್ತಾಳೇನೋ.

ಹೊಗಳಬೇಕಾದರೆ ತಯಾರಿ ಬೇಕು. ಬೆಳಿಗ್ಗೆ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆ, ಹುಡುಗಿಯ ಹಣೆಗೆ ಬೀರಪ್ಪನ ಭಂಡಾರದ ಅರಿಶಿನ ಇಟ್ಟೆ, ದೃಷ್ಟಿ ತಾಗಿದರೆ ನನಗೇ ತಾಗಲಿ ಎಂದು ಬೇಡಿಕೊಂಡೆ. ದಾರಿಯುದ್ದಕ್ಕೂ ಆಟೋದಲ್ಲಿ ಒಂದೇ ಮಾತು ಬಾಯಿಪಾಠ ಮಾಡಿದೆ: ಹುಡುಗಿ ಚೆನ್ನಾಗಿದ್ದಾಳೆ, ಆಟಕ್ಕೆ ಬಿಡಿ. ಅಷ್ಟೇ ಹೇಳಿ ಬಂದಿದ್ದರೆ ಆಗುತ್ತಿತ್ತು. ಆದರೆ ಪ್ರಿನ್ಸಿಪಾಲರ ಕೋಣೆಯಲ್ಲಿ ಬಾಯಿ ತೆರೆದದ್ದೇ, ಅರವತ್ತು ವರ್ಷ ಒಳಗೆ ಕೂಡಿಟ್ಟ ಹೊಗಳಿಕೆಯೆಲ್ಲ ಒಡ್ಡು ಒಡೆದಂತೆ ಹೊರಬಂತು. ಭಾಳ ಶಾಣ್ಯಾಕಿ ಅಂದೆ. ಒಮ್ಮೆ ಕೇಳಿದ್ದು ಮರೆಯುವುದಿಲ್ಲ ಅಂದೆ. ಕೋಳಿ ಕೂಗುವ ಮೊದಲೇ ಎದ್ದು ಓದುತ್ತಾಳೆ ಅಂದೆ. ಅವಳನ್ನು ಎಬ್ಬಿಸಲು ಮುಖಕ್ಕೆ ನೀರು ಚಿಮುಕಿಸುವವಳು ನಾನೇ. ಕೊನೆಗೆ ಡಾಕ್ಟರ್ ಆಗುತ್ತಾಳೆ ಎಂದೂ ಹೇಳಿದೆ. ಯಾರ ಮಗಳ ವಿಷಯ ಹೇಳುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

ಪ್ರಿನ್ಸಿಪಾಲರು ಮೇಡಂ ಅವರನ್ನು ಕರೆಸಿದರು. ಇಂಥ ಪ್ರತಿಭೆಯನ್ನು ಆಸರೆಯಲ್ಲಿ ಕೂರಿಸಿದ್ದೀರಾ ಎಂದು ನನ್ನ ಮುಂದೆಯೇ ಗದರಿದರು. ಅಲ್ಲೇ ನಿಂತ ಹಾಗೆ ಶ್ರಾವಣಿಯನ್ನು ಸ್ಪೆಷಲ್ ಬ್ಯಾಚಿಗೆ ಏರಿಸಿದರು. ಶಾಲೆ ಶುರುವಾಗುವ ಮೊದಲು ಒಂದು ಕ್ಲಾಸು, ಬಿಟ್ಟ ಮೇಲೆ ಇನ್ನೊಂದು, ಭಾನುವಾರ ಪರೀಕ್ಷೆ. ಖೊಖೊ ಎಂದು ನಾನು ಸಣ್ಣಗೆ ಅಂದೆ. ಡಾಕ್ಟರ್ ಆಗುವವರಿಗೆ ಅದಕ್ಕೆಲ್ಲ ಸಮಯವೆಲ್ಲಿ ಎಂದು ನಕ್ಕರು. ಹಾಗೆ ಬಾಗಿಲವರೆಗೆ ಹೋದವಳು, ಅದೆಲ್ಲಿಂದ ಧೈರ್ಯ ಬಂತೋ, ತಿರುಗಿ ನಿಂತು ಕೇಳಿದೆ.

“ಸರ್, ದಡ್ಡರೂ ಅಲ್ಲ, ಭಾಳ ಶಾಣ್ಯಾರೂ ಅಲ್ಲ, ಸುಮ್ನ ನಡುವ ಇರೋ ಮಕ್ಕಳಿಗೆ ಯಾವ ಕ್ಲಾಸ್ ಐತ್ರಿ?”

“ಅಟ್ಲಾಂಟಿ ಪಿಲ್ಲಲು ಮಾ ಸ್ಕೂಲ್‌ಲೋ ಲೇರಮ್ಮಾ,” ಎಂದರು. ಅಂಥ ಮಕ್ಕಳು ನಮ್ಮ ಶಾಲೆಯಲ್ಲಿ ಇಲ್ಲವೇ ಇಲ್ಲ ಎಂದು ಹೆಮ್ಮೆಯಿಂದಲೇ ಹೇಳಿದರು. ಇದ್ದ ಒಬ್ಬಳನ್ನು ನಾನೇ ಎರಡು ಕಂತಿನಲ್ಲಿ ಮುಗಿಸಿದ್ದೆ.

ನಾರಾಯಣಪೇಟೆಯ ಪಂದ್ಯ ಒಂದು ಭಾನುವಾರ ನಡೆಯಿತು. ಶ್ರಾವಣಿಯ ಗೆಳತಿಯರು ಹಾಡುತ್ತ ಜೀಪು ಹತ್ತಿದರು. ಇವಳು ಪರೀಕ್ಷೆ ಬರೆಯುತ್ತಿದ್ದಳು. ಈಗ ಮನೆಯಲ್ಲಿ ಅವಳು ನಡೆದೇ ಓಡಾಡುತ್ತಾಳೆ. ಒಳ್ಳೆಯ ಹುಡುಗಿ, ಎಷ್ಟು ನಿಧಾನ ಎಂದು ನೆಂಟರು ಹೊಗಳಿ ಹೋಗುತ್ತಾರೆ.

ಮತ್ತೆ ಸಭೆಗೆ ಕರೆ ಬಂದಾಗ ಶ್ರಾವಣಿ ನನ್ನ ಗದ್ದ ಹಿಡಿದು, “ಆಯಿ, ಈ ಸಲ ಏನೂ ಹೇಳಬ್ಯಾಡ. ಸುಮ್ನ ಕುಂತು ಬಾ,” ಎಂದಳು. ಹಾಗೇ ಮಾಡಿದೆ. ಮೇಡಂ ಏನೇನೋ ಕೇಳಿದರು. ನಾನು ಸೆರಗಿನ ತುದಿ ನೋಡುತ್ತ ಕೂತೆ. ಅವರು ಮುಂದಕ್ಕೆ ಬಾಗಿ, ಜ್ವರ ಬಂದವರ ಜೊತೆ ಮಾತಾಡುವ ದನಿಯಲ್ಲಿ, ಗಾಬರಿಯಾಗಬೇಡಿ ಅಮ್ಮಾ, ನಾವೆಲ್ಲ ಇದ್ದೇವೆ, ಮೊದಲು ನೀರು ಕುಡಿಯಿರಿ ಎಂದರು. ನಾನು ಲೋಟ ತುಂಬ ಇದ್ದ ನೀರನ್ನು ಕೊನೆಯ ಹನಿಯವರೆಗೆ ಕುಡಿದೆ. ಬಾಗಿಲ ಆಚೆ ನಿಂತು ಶ್ರಾವಣಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಸ್ಪೆಷಲ್ ಬ್ಯಾಚಿಗೆ ಸೇರಿದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇನ್ನೊಂದು ಲೋಟ ಕೊಡುತ್ತೀರಾ ಎಂದು ಮೇಡಂ ಅವರನ್ನು ಕೇಳಬೇಕೆನ್ನಿಸಿತು. ಆದರೆ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟು ಬಂದಿದ್ದೆನಲ್ಲ.