ವಾರಸುದಾರರಿಗೆ ಸಲ್ಲತಕ್ಕದ್ದಲ್ಲ

ಇಟಲಿಯ ಕೋಲ್ಲೆಮೂತೊ ಊರಿನಲ್ಲಿರುವ ನನ್ನ ಮನೆ ನನ್ನ ಮಗಳಿಗೆ ಸಲ್ಲತಕ್ಕದ್ದಲ್ಲ ಎಂಬ ಸಂಗತಿ ಒಂದು ರೊಟ್ಟಿಯಿಂದ ತಿಳಿದುಬಂತು. ನಾನು ಕಾಲೇಜು ಓದಿದವಳಾದ್ದರಿಂದ ಆದದ್ದನ್ನು ಆದ ಹಾಗೆಯೇ ಬರೆದಿಡುತ್ತೇನೆ.

ನಮ್ಮ ಒಲೆಯ ಹಾಸುಗಲ್ಲಿನಲ್ಲಿ ಗೀರುಗಳಿದ್ದವು. ಆ ಕಲ್ಲಿನ ಮೇಲೆ ಸುಟ್ಟ ರೊಟ್ಟಿಯ ತಳದಲ್ಲಿ ಅವು ತಿರುಗುಮುರುಗು ಮೂಡುತ್ತಿದ್ದವು. ಊರವರು ಅದನ್ನು ನಮ್ಮ ಮನೆತನದ ಮುದ್ರೆ ಅಂದುಕೊಂಡಿದ್ದರು. ನಾವೂ ಅಲ್ಲ ಅಂದಿರಲಿಲ್ಲ. ಪುರಾತತ್ವ ಇಲಾಖೆಯ ಶಾಸನಗಳ ಇನ್‌ಸ್ಪೆಕ್ಟರ್ ತಾದ್ದೇಯೊ ಊಟಕ್ಕೆ ಬಂದಾಗ ತಮ್ಮ ರೊಟ್ಟಿಯನ್ನು ಮಗುಚಿ, ಕನ್ನಡಿ ತರಿಸಿ ಓದಿದರು.

"ಅಮ್ಮಾವ್ರೇ, ಇದು ರೋಮನ್ನರ ಸಮಾಧಿ ಕಲ್ಲು. ಮೇಲಿನ ಸಾಲಲ್ಲಿ ಸತ್ತವನ ಹೆಸರಿರಬೇಕು. ಎಲ್ಲಿ ಅದು?"

"ಅದನ್ನ ನೀವೇ ತಿಂದ್ರಲ್ಲ," ಅಂದಳು ನನ್ನ ಮಗಳು ಕ್ಲೇಲಿಯಾ.

ಉಳಿದ ತುಂಡಿಗೆ ಮೊಹರು ಬಿತ್ತು. ಅದರ ಕೊನೆಯ ಐದು ಅಕ್ಷರಗಳು ಐದು ಪದಗಳ ಸಂಕ್ಷೇಪ, ಅರ್ಥ: ಈ ಸ್ಮಾರಕವು ವಾರಸುದಾರರಿಗೆ ಸಲ್ಲತಕ್ಕದ್ದಲ್ಲ. ಇಲಾಖೆಯ ಆದೇಶ ಹೀಗಿತ್ತು: ಕಲ್ಲು ಒಲೆಗೂ, ಒಲೆ ಗೋಡೆಗೂ, ಗೋಡೆ ಮನೆಗೂ ಕೂಡಿಕೊಂಡಿರುವುದರಿಂದ ಮನೆಯೇ ಸ್ಮಾರಕ; ವಾರಸುದಾರರು ಭಾನುವಾರದೊಳಗೆ ಖಾಲಿ ಮಾಡತಕ್ಕದ್ದು. ಆ ಭಾನುವಾರವೇ ಕ್ಲೇಲಿಯಾಳ ಮದುವೆ. ವರ ಒಪ್ಪಿದ್ದು ಮನೆ ನೋಡಿ.

"ಮತ್ತೆ ಯಾರಿಗೆ ಸಲ್ಲತ್ತೆ ಸ್ವಾಮಿ?" ಎಂದು ಕೇಳಿದೆ.

ತಾದ್ದೇಯೊ ರೊಟ್ಟಿಯ ನಡುಸಾಲು ನೋಡಿದರು. "ಬಿಡುಗಡೆ ಹೊಂದಿದ ಗುಲಾಮರಿಗೆ."

"ಈ ಕಾಲದಲ್ಲಿ ಗುಲಾಮರನ್ನ ಎಲ್ಲಿಂದ ತರೋದು?" ಅಂದರು ಆದೇಶದ ಜೊತೆ ಬಂದಿದ್ದ ಮೇಯರ್ ಗ್ವೆರ್ರೀನೊ.

"ಹುಟ್ಟಿದಾಗಿಂದ ಅಮ್ಮನ ಪಾತ್ರೆ ತಿಕ್ತಿದ್ದೀನಿ," ಅಂದಳು ಕ್ಲೇಲಿಯಾ. "ನನ್ನನ್ನ ಏನಂತ ಬರ್ಕೋತೀರಿ?"

ಇನ್‌ಸ್ಪೆಕ್ಟರಿಗೆ ಇದು ಬಹಳ ಹಿಡಿಸಿತು. ಶನಿವಾರ ಪುರಸಭೆಯಲ್ಲಿ ಕ್ಲೇಲಿಯಾಳನ್ನು ಗುಲಾಮಳೆಂದು ಘೋಷಿಸಲಾಯಿತು. ಸತ್ತ ರೋಮನ್ ಯಜಮಾನನ ಪರವಾಗಿ ಮೇಯರ್ ಅವಳ ತಲೆಗೆ ಕೋಲು ಮುಟ್ಟಿಸಿ ಬಿಡುಗಡೆ ಮಾಡಬೇಕಿತ್ತು. ಪುರಾತನ ಕೋಲು ಸಿಗದೆ ಪೊಲೆಂತಾ, ಅಂದರೆ ಜೋಳದ ಮುದ್ದೆ, ತಿರುವುವ ಕೋಲು ತರಿಸಿದರು. ಅದು ಬರುವವರೆಗೆ ಅವಳು ಎಲ್ಲರಿಗೂ ಕಾಫಿ ಕೊಟ್ಟಳು. ಕೋಲು ಮುಟ್ಟಿತು, ಮನೆ ಅವಳದಾಯಿತು.

"ನೀವೂ ಒಂದು ಗಳಿಗೆ ಗುಲಾಮರಾಗಿಬಿಡಿ ಅಮ್ಮಾವ್ರೇ," ಅಂದರು ತಾದ್ದೇಯೊ. "ಇಲ್ಲಾಂದ್ರೆ ನೀವು ತೀರಿಹೋದ ಗಂಡನ ವಾರಸುದಾರರು. ಹೊರಗೆ ಹೋಗಬೇಕಾಗತ್ತೆ."

"ನಾನು ಕಾಲೇಜು ಓದಿದವಳು," ಅಂದೆ.

ಮದುವೆ ಚೆನ್ನಾಗಿ ನಡೆಯಿತು. ಆ ರಾತ್ರಿ ನಾನು ಕತ್ತೆಯ ಕೊಟ್ಟಿಗೆಯಲ್ಲಿ ಮಲಗಿದೆ. ಸೋಮವಾರ ಪುರಸಭೆಗೆ ಹೋದರೆ ಅರ್ಧ ಊರೇ ಸಾಲಿನಲ್ಲಿತ್ತು. ಎಲ್ಲರ ಮನೆಯ ಗೋಡೆಯಲ್ಲೂ ಒಂದೊಂದು ಹಳೆಯ ಕಲ್ಲು ಸಿಕ್ಕಿತ್ತು. ವಿದ್ಯಾವಂತೆ ಎಂದು ನನ್ನನ್ನು ಮುಂದೆ ಬಿಟ್ಟರು. ನಾನು ಗುಲಾಮಳೆಂಬ ಘೋಷಣೆ ಮುಗಿಯಿತು. ಮೇಯರ್ ಕೋಲೆತ್ತುವಷ್ಟರಲ್ಲಿ ಅವರಿಗೆ ಊಟದ ಹೊತ್ತಾಯಿತು.

"ಬಿಡುಗಡೆ ಗುರುವಾರ," ಅಂದರು.

ಮನೆಗೆ ಬಂದೆ. ಒಳಗೆ ಬಿಟ್ಟುಕೊಂಡರು, ಗುಲಾಮರಿಗೆ ಅಡ್ಡಿಯಿಲ್ಲ.

"ಅಮ್ಮಾ, ಪಾತ್ರೆ ಅಲ್ಲಿವೆ," ಅಂದಳು ಕ್ಲೇಲಿಯಾ, ಬಹಳ ಮರ್ಯಾದೆಯಿಂದ.

ಅವಳು ತಳ ಸರಿಯಾಗಿ ತಿಕ್ಕುತ್ತಿರಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬಂತು.